ಕಡಲ ತಡಿಯಲ್ಲಿ ಒಂದು ಕೊಡ ನೀರು

ಬೇಸಗೆಯ ರಜೆಗೂ ನೀರಿನ ಬರಕ್ಕೂ ಅದಾವ ಜನ್ಮಾಂತರದ ನಂಟೋ! ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಯ ಬಾಗಿಲು ಮುಚ್ಚುವುದಕ್ಕೂ ಊರ ಬಾವಿಗಳ ತಳ ಕಾಣತೊಡಗುವುದಕ್ಕೂ ಸರಿಹೋಗುತ್ತದೆ. ಶಾಲೆ ಮತ್ತೆ ತೆರೆದು ಮಕ್ಕಳು ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿರುವಾಗ ಕರಾವಳಿಯಲ್ಲಿ ಮುಂಗಾರು ಕಾಲಿಡುತ್ತದೆ. ಹೀಗಾಗಿ ನಮ್ಮ ನಾಡಿನಲ್ಲಿ ನೆಂಟರ ಮನೆಗೆ ಹೋಗುವ ಕಾಲವೆಂದರೆ ನೆಂಟರ ಮನೆಯಲ್ಲಿ ನೀರಿಲ್ಲದ ಕಾಲವೆಂದೇ ತಿಳಿಯಬೇಕು. ಪಂಚಾಂಗವನ್ನೂ ಶಾಲೆಯ ವೇಳಾಪಟ್ಟಿಯನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ನೋಡುವ ವ್ಯವಧಾನ ಯಾರಿಗೂ ಇದ್ದಂತಿಲ್ಲ.

ನಾವು ವಾಸವಾಗಿರುವುದು ಬೆಂಗಳೂರಿನ ಬಡಗಣ ಅಂಚಿನ ತಣಿಸಂದ್ರದಲ್ಲಿ. ಈ ಹೆಸರಿನ ಬಾಲದಲ್ಲಿರುವ 'ಸಂದ್ರ' ಎಂಬುದು 'ಸಮುದ್ರ'ವೇ ಸವೆದು ಆದದ್ದು. ಸಿಂಗಸಂದ್ರ, ಬೊಮ್ಮಸಂದ್ರ, ತಿಪ್ಪಸಂದ್ರ, ಅಲ್ಲಾಳಸಂದ್ರ - ಎತ್ತ ಹೊರಟರೂ ಒಂದು ಸಮುದ್ರ ಎದುರಾಗುತ್ತದೆ. ಕಡಲ ಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಬಯಲಿನಲ್ಲಿ, ಬಹುಶಃ ಕಡಲನ್ನು ಕಣ್ಣಾರೆ ಕಾಣದೆಯೇ ಬಾಳಿಹೋದ ಹಿರಿಯರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟರು. ಆ ಕೆರೆಗಳ ಕೋಡಿಯ ನೀರು ನಾಗವಾರದ ಕಣಿವೆಯ ದಾರಿಯಾಗಿ ದಕ್ಷಿಣ ಪಿನಾಕಿನಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮೂರ ನೀರಿನ ಮುಖ ಮೂಡಣ ಕಡಲಿನ ಕಡೆಗೆ. ರಜೆ ಬಂದರೆ ನಮ್ಮ ಮುಖ ಪಡುವಣ ಕಡಲಿನ ಕಡೆಗೆ.

2024ರ ಬೇಸಗೆಯನ್ನು ಬೆಂಗಳೂರಿನ ಗೃಹಿಣಿಯರು ಬೇಗನೆ ಮರೆಯುವಂತಿಲ್ಲ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಿತ್ತು. ಮಾರ್ಚ್ ತಿಂಗಳ ಹೊತ್ತಿಗೆ ನಗರದ ಸುಮಾರು 14,000 ಸರಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿದುವೆಂದು ಮುಖ್ಯಮಂತ್ರಿಗಳೇ ತಿಳಿಸಿದರು. ಉಪಮುಖ್ಯಮಂತ್ರಿಗಳು ತಮ್ಮ ಮನೆಯ ಕೊಳವೆ ಬಾವಿಯೂ ಒಣಗಿತೆಂದು ಹೇಳಿದಾಗ ನಮ್ಮ ಬೀದಿಯವರಿಗೆ ದುಃಖದ ನಡುವೆಯೂ ಒಂದು ಬಗೆಯ ಸಮಾಧಾನವಾದುದನ್ನು ಬಚ್ಚಿಡಲಾರೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಹೂದೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಐದು ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ದರ ಕಟ್ಟಿದ್ದು ಕಾಗದದಲ್ಲಿ. ಟ್ಯಾಂಕರು ಬರುವುದು ರಾತ್ರಿ ಎರಡು ಗಂಟೆಗೆ. ಅದು ಬಂದ ಸದ್ದಿಗೆ ಕಟ್ಟಡದ ನಾಲ್ಕು ಅಂತಸ್ತಿನವರೂ ಎಚ್ಚೆತ್ತು, ನೀರು ತೊಟ್ಟಿಗೆ ಬೀಳುವ ಶಬ್ದವನ್ನು ಸಂಗೀತ ಕಚೇರಿಯಂತೆ ಕೇಳಿ ಮಲಗುತ್ತಿದ್ದೆವು.

ಊರಲ್ಲಿ ನೀರೇ ಇರಲಿಲ್ಲವೆಂದಲ್ಲ. ನಮಗೆ ಹತ್ತಿರದ ರಾಚೇನಹಳ್ಳಿಯ ಕೆರೆಯಲ್ಲಿ ನೀರುಕೋಳಿಗಳು ಈಜುತ್ತಿದ್ದುವು. ಊರು ಬಳಸಿ ಬಿಟ್ಟ ನೀರನ್ನು ಶುದ್ಧಿಮಾಡಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಜಕ್ಕೂರು ಕೆರೆಗೆ ಬಿಡುತ್ತಾರೆ. ಅಲ್ಲಿ ಮಿಕ್ಕದ್ದು ರಾಚೇನಹಳ್ಳಿಗೆ ಇಳಿಯುತ್ತದೆ. ಅಂದರೆ ನಾವು ಹಣ ತೆತ್ತು ಕೊಂಡು ಬಚ್ಚಲಿಗೆ ಚೆಲ್ಲಿದ ನೀರೇ ಸುತ್ತಿ ಬಳಸಿ ಕೆರೆಯಾಗಿ ನಮ್ಮ ಕಣ್ಣೆದುರು ನಿಲ್ಲುತ್ತದೆ. ನೋಡಿ ಕಣ್ಣು ತಣಿಸಿಕೊಳ್ಳಬಹುದು, ಕೊಡ ಅದ್ದುವಂತಿಲ್ಲ.

ಇಂಥ ವೇಳೆಯಲ್ಲಿ ನನ್ನಾಕೆಯ ಅಕ್ಕನ ಕರೆ ಬಂದರೆ ಯಾರು ತಾನೆ ಬೇಡವೆಂದಾರು? ಅವರ ಮನೆ ಇರುವುದು ಮಲ್ಪೆಯಿಂದ ಬಡಗಲಿಗೆ, ಕೋಡಿಬೇಂಗ್ರೆಯ ಕಡೆಗೆ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸುವರ್ಣಾ ನದಿಯ ಹಿನ್ನೀರು, ನಡುವೆ ಚಾಚಿದ ಮರಳಿನ ಪಟ್ಟಿ, ಅದರ ತುಂಬ ತೆಂಗು. ಜಗಲಿಯಲ್ಲಿ ಕುಳಿತರೆ ಎರಡು ಕಿವಿಗೂ ನೀರೇ ಕೇಳಿಸುವ ಊರು. ಏಪ್ರಿಲ್ 26ರಂದು ಮತ ಹಾಕಿ, ಬೆರಳಿನ ಶಾಯಿ ಆರುವ ಮುನ್ನವೇ ನಾನು, ನನ್ನಾಕೆ, ಇಬ್ಬರು ಮಕ್ಕಳು, ನನ್ನ ತಾಯಿ - ಐವರೂ ಕಾರವಾರದ ಪಂಚಗಂಗಾ ರೈಲನ್ನು ಹತ್ತಿ ಮರುದಿನದ ಮುಂಜಾವಿಗೆ ಉಡುಪಿಯಲ್ಲಿ ಇಳಿದೆವು.

ಜಗಲಿಯ ಮೆಟ್ಟಿಲಿನ ಬಳಿ ಕಾಲು ತೊಳೆಯಲು ತಂಬಿಗೆಯ ನೀರು, ಒಳಗೆ ಕುಳಿತೊಡನೆ ತಟ್ಟೆಯಲ್ಲಿ ಬೆಲ್ಲದ ತುಂಡು, ಲೋಟದಲ್ಲಿ ತಣ್ಣನೆಯ ನೀರು. ಕರಾವಳಿಯ ಈ ಮರ್ಯಾದೆ ಎಷ್ಟು ಹಳೆಯದೋ ಅಷ್ಟೇ ಚೆಂದ. "ಬಾಯಾರಿಕೆಗೆ ಎಂತ ಕೊಡಲಿ? ಪುನರ್ಪುಳಿಯ ಪಾನಕ ಮಾಡ್ಲಾ?" ಎಂದು ಅತ್ತಿಗೆ ವಿಚಾರಿಸುತ್ತಿದ್ದಂತೆಯೇ ಮಕ್ಕಳು ಕಡಲಿನ ಕಡೆಗೆ ಓಟ ಕಿತ್ತಾಗಿತ್ತು.

ಕಡಲಿನ ಸ್ನಾನದ ಗುಟ್ಟೊಂದು ಬಯಲುಸೀಮೆಯವರಿಗೆ ತಿಳಿಯುವುದು ದಡಕ್ಕೆ ಬಂದ ಮೇಲೆಯೇ. ಅಷ್ಟು ಅಪಾರವಾದ ನೀರಿನಲ್ಲಿ ಮುಳುಗಿ ಎದ್ದವನು ಮೈತೊಳೆಯಲು ಮತ್ತೆ ನೀರನ್ನೇ ಕೇಳುತ್ತಾನೆ. ಉಪ್ಪು ಮೈಯಲ್ಲಿ ಕಡಿಯುತ್ತದೆ, ತಲೆಗೂದಲು ತೆಂಗಿನ ನಾರಾಗುತ್ತದೆ, ಮರಳು ಸೇರದ ಸಂದಿಯಿಲ್ಲ. ಮನೆಯಲ್ಲಿ ಒಂದು ಬಕೆಟಿನಲ್ಲಿ ಮುಗಿಯುವ ಹುಡುಗನ ಸ್ನಾನಕ್ಕೆ ಇಲ್ಲಿ ಮೂರು ಬಕೆಟು. ಮೊದಲೆರಡು ದಿನ, ದಿನಕ್ಕೆರಡು ಸಲ, ಮಕ್ಕಳು ಹೀಗೆ ಉಪ್ಪಾಗಿ ಬಂದು ಸಿಹಿಯಾಗಿ ಹೋದರು. ಬಚ್ಚಲಿನ ಹಂಡೆ ಮಾತ್ರ ಎಂದೂ ಬರಿದಾದಂತೆ ಕಾಣಲಿಲ್ಲ. ಹಂಡೆಯಲ್ಲಿ ನೀರು ಹೇಗೆ ಬಂತೆಂದು ವಿಚಾರಿಸುವ ಅಭ್ಯಾಸ ಗಂಡಸರಿಗಿಲ್ಲವಷ್ಟೆ.

ಅಭ್ಯಾಸವಿರುವವಳು ನನ್ನಾಕೆ. ಮೂರನೆಯ ದಿನ ನಸುಕಿನ ನಾಲ್ಕು ಗಂಟೆಗೆ ಎಚ್ಚರವಾಗಿ ಹಿತ್ತಿಲಿಗೆ ಹೋದವಳು ಒಂದು ದೃಶ್ಯವನ್ನು ಕಂಡು ಬಂದು ನನ್ನನ್ನು ಎಬ್ಬಿಸಿದಳು. ಅಕ್ಕ ಸೊಂಟದಲ್ಲೊಂದು ಕೊಡ, ಭಾವ ಎರಡು ಕೈಗಳಲ್ಲಿ ಎರಡು ಕೊಡ ಹಿಡಿದು, ಟಾರ್ಚಿನ ಬೆಳಕಿನಲ್ಲಿ ಬೇಲಿಯ ತಡಮೆ ದಾಟಿ ಬರುತ್ತಿದ್ದರು. ಅದು ಅವರ ಮೂರನೆಯ ಸರದಿಯಂತೆ. ಮನೆಯ ಬಾವಿ ಯುಗಾದಿ ಕಳೆದ ಕೆಲವೇ ದಿನಗಳಿಗೆ ಸವುಳಾಗಿ ಹೋಗಿತ್ತು. ಕುಡಿಯಲು, ಬೇಯಿಸಲು ಬಾರದು. ನಾಲ್ಕು ಮನೆಯಾಚೆ ಒಬ್ಬ ಮುದುಕಿಯ ಹಿತ್ತಿಲಿನ ಬಾವಿಯೊಂದೇ ಸಿಹಿಯಾಗಿ ಉಳಿದಿತ್ತು. ನಾವು ಏಳುವುದರೊಳಗೆ ನೀರು ಹೊತ್ತು ಮುಗಿಸಬೇಕೆಂದು ಗಂಡ ಹೆಂಡಿರ ಒಪ್ಪಂದ.

"ನನಗೆ ಫೋನಿನಲ್ಲಿ ಒಂದು ಮಾತು ಹೇಳಬಾರದಿತ್ತೇನ್ರೀ?" ಎಂದಳು ಆಕೆ. ಸಿಟ್ಟೋ ಅಳುವೋ ಕತ್ತಲಲ್ಲಿ ತಿಳಿಯಲಿಲ್ಲ.

"ಹೇಳಿದ್ದರೆ ನಾವು ಬರುತ್ತಿರಲಿಲ್ಲ" ಎಂದೆ.

"ಅದಕ್ಕೇ ಹೇಳಲಿಲ್ಲ ಅವಳು. ಈಗ ಏನು ಮಾಡೋಣ? ಇವತ್ತೇ ಹೊರಡೋಣ ಅಂದರೆ ಅವಳ ಮುಖ ಹೇಗೆ ನೋಡಲಿ? ಇರೋಣ ಅಂದರೆ ಅವಳ ಸೊಂಟ ಹೇಗೆ ನೋಡಲಿ?"

ಇದು ನಗುವ ಮಾತಲ್ಲ. ನೀರಿಲ್ಲವೆಂದು ನೆಂಟರು ಮೂರನೆಯ ದಿನಕ್ಕೇ ಎದ್ದು ಹೋದರೆಂಬ ಸುದ್ದಿ ಆ ಊರಿನಲ್ಲಿ ಹತ್ತು ವರ್ಷ ನಿಲ್ಲುತ್ತದೆ. ಅಕ್ಕತಂಗಿಯರ ನಡುವೆ ಅಂಥದೊಂದು ಸೇರಿಕೊಂಡರೆ ಮದುವೆ ಮುಂಜಿಗಳಲ್ಲಿ ಮಾತು ನಡೆಯುತ್ತದೆ, ಮನಸ್ಸು ನಡೆಯುವುದಿಲ್ಲ. ಅತ್ತ, ತಿಳಿದೂ ತಿಳಿಯದಂತೆ ಉಳಿದು ಇನ್ನೊಬ್ಬಳ ಬೆನ್ನಿನ ಮೇಲೆ ಸ್ನಾನ ಮಾಡುವುದು ಇನ್ನೂ ಹೀನ.

ಇಲ್ಲಿ ನನಗೆ 2019ರ ಸಂಗತಿಯೊಂದು ನೆನಪಾಗುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ನೇತ್ರಾವತಿ ಬತ್ತುತ್ತ ಬಂದಾಗ, ನಿತ್ಯವೂ ಸಾವಿರಾರು ಮಂದಿಗೆ ಅನ್ನವಿಕ್ಕುವ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು, ಭಕ್ತರು ತಮ್ಮ ಯಾತ್ರೆಯನ್ನು ಕೆಲವು ದಿನ ಮುಂದೂಡಬೇಕೆಂದು ಬಹಿರಂಗವಾಗಿ ವಿನಂತಿಸಿದರು. ಅದೇ ತಿಂಗಳು ಉಡುಪಿಗೆ ನೀರುಣಿಸುವ ಸುವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿ, ಹೊಳೆಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪಿನಿಂದ ಎತ್ತಿ ನಗರಕ್ಕೆ ಹಂಚಬೇಕಾಯಿತು; ಮಂಗಳೂರಿನಲ್ಲಿ ತುಂಬೆಯ ನೀರು ಸರದಿಯ ಮೇಲೆ. ಕ್ಷೇತ್ರವೊಂದು 'ಈಗ ಬರಬೇಡಿ' ಎಂದು ಅತಿಥಿಗಳಿಗೆ ಹೇಳಿದರೆ ಅದು ವಿವೇಕವೆನ್ನಿಸಿತು, ಯಾರೂ ತಪ್ಪು ತಿಳಿಯಲಿಲ್ಲ. ಅದೇ ಮಾತನ್ನು ಒಬ್ಬ ಗೃಹಿಣಿ ತನ್ನ ತಂಗಿಗೆ ಹೇಳಲಾರಳು. ಆಕೆಯ ಪಾಲಿಗೆ ಅದು ತವರಿನ ಬಾಗಿಲು ಮುಚ್ಚಿದಂತೆ. ಬರಗಾಲದ ವರದಿ ಬರೆಯುವವರು ಅಡಿ ಇಂಚುಗಳನ್ನು ಅಳೆಯುತ್ತಾರೆ. ಈ ಭಾರವನ್ನು ಅಳೆಯುವ ಕೋಲು ಅವರಲ್ಲಿಲ್ಲ.

ಸಮಸ್ಯೆಯನ್ನು ಬಿಡಿಸಿದವರು ನನ್ನ ತಾಯಿ. ಬೆಳಗಾದ ಮೇಲೆ ಯಾರಿಗೂ ಏನೂ ಹೇಳದೆ ಅಡುಗೆಯ ಕೋಣೆಗೆ ಹೋಗಿ, ಹಲಸಿನ ಹಪ್ಪಳದ ಹಿಟ್ಟಿನ ಮುಂದೆ ಕುಳಿತಿದ್ದ ನನ್ನ ಷಡ್ಡಕರ ತಾಯಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ತಾವೂ ಉಂಡೆ ಕಟ್ಟತೊಡಗಿದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಇಬ್ಬರಿಗೂ ಬಾವಿ ಸೇದಿ ಬೆಳೆದ ಕೈ.

"ನಿಮ್ಮ ಬಾವಿಗೆ ಉಪ್ಪು ಬಂದು ಎಷ್ಟು ದಿನವಾಯಿತು?" ಎಂದು ನಮ್ಮ ತಾಯಿ ನೇರವಾಗಿ ಕೇಳಿದರು.

ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ನೆಂಟರು. ನಿಮಗೆ ಅದೆಲ್ಲ ಎಂತಕ್ಕೆ?" ಎಂದರು.

"ನೆಂಟರು ಮೂರು ದಿನ. ನಾವು ಹತ್ತು ದಿನಕ್ಕೆ ಬಂದವರು. ನಾಲ್ಕನೆಯ ದಿನದಿಂದ ಮನೆಯವರೇ ಅಲ್ಲವೆ? ಮನೆಯವರು ನೀರು ಹೊರುವುದಿಲ್ಲ ಅಂತ ಎಲ್ಲಾದರೂ ಉಂಟೆ?"

ಹಪ್ಪಳದ ಹಿಟ್ಟಿನ ಮೇಲೆಯೇ ಸಂಧಾನ ಮುಗಿಯಿತು. ಮನೆಯ ಯಜಮಾನಿಯ ಮರ್ಯಾದೆಗೂ ಕುಂದಿಲ್ಲ, ನೆಂಟರ ಮನಸ್ಸಿಗೂ ಮುಳ್ಳಿಲ್ಲ. ಅಂದಿನಿಂದ ಬೆಳಗಿನ ಸಾಲಿನಲ್ಲಿ ನಾನೂ ಷಡ್ಡಕರೂ ಎರಡೆರಡು ಕೊಡ, ಮಕ್ಕಳಿಬ್ಬರೂ ಒಂದೊಂದು ಬಿಂದಿಗೆ. ಮೊದಲ ದಿನ ನನ್ನ ಕೊಡಗಳು ಮನೆ ಮುಟ್ಟುವಾಗ ಮುಕ್ಕಾಲು ಮಾತ್ರ ಇದ್ದುವು. ಉಳಿದ ಕಾಲು ನನ್ನ ಪಂಚೆಯಲ್ಲಿತ್ತು.

ಆ ಬಾವಿಯ ಒಡತಿಯ ವಿಷಯವನ್ನು ಸ್ವಲ್ಪ ಹೇಳಬೇಕು. ಏಳು ಮನೆಗಳಿಗೆ ಆಕೆಯ ಬಾವಿಯೇ ಗತಿ. ಮನೆಗೆ ದಿನಕ್ಕೆ ಎಂಟು ಕೊಡವೆಂದು ಆಕೆಯೇ ಗೊತ್ತುಮಾಡಿದ್ದರು. ಮೋಟಾರು ಇಳಿಸಕೂಡದು, ರಾಟೆ, ಹಗ್ಗ ಮಾತ್ರ. ಬಾವಿಯ ಕಟ್ಟೆಯ ಮೇಲೆ ಅಡಿಕೆ ಜಗಿಯುತ್ತ ಕುಳಿತು ಲೆಕ್ಕವಿಡುತ್ತಿದ್ದರು. ಸೂರ್ಯ ಏರಿದ ಮೇಲೆ ಹಗ್ಗ ಮೇಲಕ್ಕೆ. ನನ್ನನ್ನು ಕಂಡ ದಿನ ತಲೆಯಿಂದ ಕಾಲಿನವರೆಗೆ ನೋಡಿ, ನನ್ನ ಅತ್ತಿಗೆಯ ಕಡೆ ತಿರುಗಿ, "ನೆಂಟರು ಇದ್ದಾರೆ ಅಂತ ಮೊದಲೇ ಹೇಳ್ಬಾರ್ದಾ ಮಾರಾಯ್ತಿ? ಇನ್ನೆರಡು ಕೊಡ ತಗೊಳ್ಳಿ" ಎಂದರು. ಹಣದ ಮಾತು ಬಂದರೆ ಮುಖ ತಿರುಗಿಸಿಬಿಡುವ ಹೆಂಗಸು. ನಮ್ಮ ಕಟ್ಟಡಕ್ಕೆ ರಾತ್ರಿ ಎರಡು ಗಂಟೆಗೆ ಬರುವ ಟ್ಯಾಂಕರಿನವನು ನನಗೆ ಆಗ ನೆನಪಾದ.

ಇನ್ನು ಲೆಕ್ಕ. ನಗರದ ನಲ್ಲಿ ನೀರಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ಎಂದು ಗೊತ್ತುಮಾಡಿರುತ್ತಾರೆ. ಆ ಮನೆಯವರು ಐವರು, ನಾವು ಐವರು. ಹತ್ತು ಮಂದಿಗೆ 1,350 ಲೀಟರು. ಕೊಡಕ್ಕೆ 13 ಲೀಟರು ಹಿಡಿದರೂ ನೂರಕ್ಕೂ ಮೇಲೆ ಕೊಡಗಳಾಗಬೇಕು. ನಮಗಿದ್ದುದು ಹತ್ತು. ಆ ಹತ್ತು ಕೊಡದಲ್ಲಿ ಹತ್ತು ಮಂದಿ ಉಂಡು ಕುಡಿದು ನಗುನಗುತ್ತ ಇದ್ದೆವೆಂದರೆ ಅದರ ಯಶಸ್ಸೆಲ್ಲ ಇಬ್ಬರು ಅಜ್ಜಿಯರ ಕಾರಭಾರಕ್ಕೆ ಸಲ್ಲಬೇಕು. ಸಿಹಿನೀರು ಬಾಯಿಗೆ ಮತ್ತು ಒಲೆಗೆ ಮಾತ್ರ. ಊಟಕ್ಕೆ ಬಾಳೆಲೆ, ತಟ್ಟೆ ತೊಳೆಯುವ ನೀರು ಉಳಿಯಿತು, ಎಲೆ ಹಸುವಿಗಾಯಿತು. ಪಾತ್ರೆಗಳಿಗೆ ಮೊದಲು ಬೂದಿ, ತೆಂಗಿನ ನಾರು, ಆಮೇಲೆ ಸವುಳು ನೀರು. ಕುಚ್ಚಲಕ್ಕಿಯ ಗಂಜಿಯ ತಿಳಿಯನ್ನು ಚೆಲ್ಲುವ ಮಾತೇ ಇಲ್ಲ, ಉಪ್ಪು ಹಾಕಿ ಕುಡಿಯಲು ಕೊಟ್ಟರು. ಬೆಂಗಳೂರಿನಲ್ಲಿ ಹಾಲಿಗೂ ಮೂಗು ಮುರಿಯುವ ನನ್ನ ಮಗ ಎರಡೆರಡು ಲೋಟ ಕುಡಿದ. ಕಡಲಿಗೆ ದಿನಕ್ಕೆ ಒಂದೇ ಸಲ, ಅದೂ ಸಂಜೆ. ಬಂದ ಮೇಲೆ ಮನೆಯ ಬಾವಿಯ ಸವುಳು ನೀರಿನಲ್ಲಿ ಮರಳು ತೊಳೆದು ಕೊನೆಗೆ ತಲೆಯ ಮೇಲೆ ಒಂದು ತಂಬಿಗೆ ಸಿಹಿನೀರು. ಆ ಒಂದು ತಂಬಿಗೆಯನ್ನು ಸುರಿಯುವ ಅಧಿಕಾರ ಅಜ್ಜಿಯದು. ಕಣ್ಣುಮುಚ್ಚಿ ಕೈಕಟ್ಟಿ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದುದನ್ನು ನೋಡಿದರೆ ತೀರ್ಥಕ್ಕೆ ನಿಂತಂತೆಯೇ ಇತ್ತು.

ಆ ನೀರೂ ವ್ಯರ್ಥವಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಹರಿಯುವ ಕಡೆ ಬಸಳೆಯ ಚಪ್ಪರವೋ ಕೆಸುವಿನ ಪಾತಿಯೋ ಇದ್ದೇ ಇರುತ್ತದೆ. ಹತ್ತು ಮಂದಿ ಮಿಂದರೆ ಬಸಳೆಗೆ ಹಬ್ಬ. ಈ ಬಾರಿ ಉಪ್ಪಿನ ಅಂಶಕ್ಕೆ ಹೆದರಿ ಆ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿದ್ದರು. ತೆಂಗು ಅಷ್ಟಿಷ್ಟು ಉಪ್ಪಿಗೆ ಮುಖ ಸಿಂಡರಿಸುವುದಿಲ್ಲ, ಬಸಳೆ ಸೂಕ್ಷ್ಮ ಜೀವ. ಅಡುಗೆಯ ಮನೆಯಲ್ಲಿ ಅಕ್ಕಿ ತೊಳೆದ ನೀರು ಮಾತ್ರ ಬಸಳೆಗೆ ನಿತ್ಯ ನೈವೇದ್ಯ.

ವಾಚಕರಲ್ಲಿ ಕೆಲವರಿಗೆ ಸಂದೇಹ ಬಂದಿರಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ, ಬೆಂಗಳೂರಿಗಿಂತ ನಾಲ್ಕು ಪಟ್ಟು ಮಳೆ ಕಾಣುವ ಊರಿನಲ್ಲಿ, ಕುಡಿಯುವ ನೀರಿಗೆ ಬರವೆ? ಬರವೇ. ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಘಟ್ಟದಿಂದ ಕಡಲಿಗೆ ಇರುವ ದೂರ ಅಲ್ಪ, ಇಳಿಜಾರು ಬಹಳ. ಹೊಳೆಗಳು ನಿಂತು ಮಾತನಾಡುವ ಸ್ವಭಾವದವಲ್ಲ. ಒಳನಾಡಿನ ಮುರಕಲ್ಲಿನ ಗುಡ್ಡ ಸ್ಪಂಜಿನಂತೆ ನೀರು ಹೀರುತ್ತದೆ, ಹೀರಿದ್ದನ್ನು ಬೇಗನೆ ಬಿಟ್ಟೂ ಬಿಡುತ್ತದೆ. ಹೀಗಾಗಿ ಆಷಾಢದಲ್ಲಿ ಕಟ್ಟೆಯವರೆಗೆ ತುಂಬಿ ತುಳುಕಿದ ಬಾವಿ ವೈಶಾಖದಲ್ಲಿ ತಳ ತೋರಿಸುತ್ತದೆ.

ಕಡಲಿನ ಅಂಚಿನ ಮರಳಿನಲ್ಲಿ ಇನ್ನೊಂದು ವಿಚಿತ್ರವುಂಟು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಮಳೆಯ ನೀರು ಮರಳಿನಲ್ಲಿ ಇಳಿದು, ಅಡಿಯ ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೂ ಸಿಹಿನೀರೇ ಇರಬೇಕೆಂದು ಹಾಲೆಂಡಿನ ಗೈಬೆನ್, ಜರ್ಮನಿಯ ಹೆರ್ಟ್ಸ್‌ಬರ್ಗ್ ಎಂಬ ಇಬ್ಬರು ನೂರು ವರ್ಷಗಳಿಗೂ ಹಿಂದೆ ಬೇರೆಬೇರೆಯಾಗಿ ಲೆಕ್ಕಮಾಡಿ ತೋರಿಸಿದರು. ಇದನ್ನೇ ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ: ಮೇಲೆ ಒಂದಡಿ ಸೇದಿ ಖಾಲಿ ಮಾಡಿದರೆ ಕೆಳಗಿನಿಂದ ಉಪ್ಪು 40 ಅಡಿ ಏರಿ ಬರಲು ಹವಣಿಸುತ್ತದೆ. ಮೋಟಾರು ಹಾಕಿ ಒಂದೇ ಉಸಿರಿಗೆ ಎಳೆದರಂತೂ ಬಾವಿಯ ಕೆಳಗೇ ಉಪ್ಪು ಗೋಪುರವಾಗಿ ಏಳುತ್ತದೆ. ನನ್ನ ಷಡ್ಡಕರು ಎರಡು ವರ್ಷದ ಹಿಂದೆ ತಮ್ಮ ಬಾವಿಗೆ ಮೋಟಾರು ಕೂರಿಸಿದ್ದರು. ರಾಟೆಯನ್ನು ಬಿಚ್ಚಿಸದ ಮುದುಕಿಯ ಬಾವಿ ಸಿಹಿಯಾಗಿಯೇ ಉಳಿದಿತ್ತು. "ಬಾವಿಯ ಹೊಟ್ಟೆ ಉರಿಸಬಾರದು" ಎಂಬುದು ಆಕೆಯ ಶಾಸ್ತ್ರ. ಗೈಬೆನ್ನನನ್ನು ಆಕೆ ಓದಿರಲಾರರು. ಗೈಬೆನ್ನನಿಗೆ ಆಕೆಯ ಪರಿಚಯವಿದ್ದಿದ್ದರೆ ಅಷ್ಟು ಗಣಿತ ಬೇಕಾಗುತ್ತಿರಲಿಲ್ಲವೇನೋ.

ಹಿಂದಿನವರು ಈ ನಾಲ್ಕು ತಿಂಗಳ ಸಿರಿಯನ್ನು ಎಂಟು ತಿಂಗಳಿಗೆ ಹಂಚಿಕೊಳ್ಳುವ ಉಪಾಯಗಳನ್ನು ಬಲ್ಲವರಾಗಿದ್ದರು. ಮಳೆಗಾಲ ಮುಗಿದೊಡನೆ ಊರವರೆಲ್ಲ ಸೇರಿ ಹೊಳೆಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ಈ ಕ್ರಮ ನಮ್ಮ ಕಾಲದವರೆಗೂ ಬಂದಿದೆ. ಹೊಳೆಯ ಬಾಯಿಗೆ ಹತ್ತಿರದಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸಿ, ಉಬ್ಬರದ ಉಪ್ಪು ಮೇಲೇರದಂತೆ ತಡೆಯುವುದು ಈಗಿನ ಪದ್ಧತಿ. ಗುಡ್ಡದ ಮಗ್ಗುಲಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳದಂತೂ ಒಂದು ಅದ್ಭುತ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು ಒಬ್ಬರೇ ಬೋಳು ಗುಡ್ಡದಲ್ಲಿ ಸುರಂಗ ಕೊರೆದರು. ಒಂದಲ್ಲ, ಎರಡಲ್ಲ, ಐದು ಸುರಂಗಗಳು ವ್ಯರ್ಥವಾದುವು. ಆರನೆಯದರಲ್ಲಿ ನೀರು ಬಂತು, ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅದನ್ನು ಕೊಟ್ಟವರಿಗೇ ಮರ್ಯಾದೆ ಬಂದಂತಾಯಿತು ಎಂದುಕೊಂಡವರಲ್ಲಿ ನಾನೂ ಒಬ್ಬ.

ನಾವು ಅಲ್ಲಿರುವಾಗಲೇ, ಏಪ್ರಿಲ್ 28ರಂದು, ಬೆಂಗಳೂರಿನಲ್ಲಿ ಉಷ್ಣತೆ 38.5 ಡಿಗ್ರಿ ಮುಟ್ಟಿತೆಂಬ ವರ್ತಮಾನ ಬಂತು. 2016ರ ಏಪ್ರಿಲ್‌ನಲ್ಲಿ 39.2 ಆಗಿದ್ದುದನ್ನು ಬಿಟ್ಟರೆ ಇಷ್ಟು ಸುಟ್ಟ ದಿನವನ್ನು ನಾನು ಬೆಂಗಳೂರಿನಲ್ಲಿ ಕಂಡದ್ದಿಲ್ಲ. ಆ ಏಪ್ರಿಲ್ ಪೂರ್ತಿ ನಗರದಲ್ಲಿ ಲೆಕ್ಕಕ್ಕೆ ಸಿಕ್ಕುವಂಥ ಒಂದು ಹನಿಯೂ ಬೀಳಲಿಲ್ಲ.

"ಭಾವ, ನಿಮ್ಮ ಬೆಂಗಳೂರಿಗೆ ನೀರು ಬರುವುದು ಎಲ್ಲಿಂದ?" ಎಂದು ಷಡ್ಡಕರ ಮಗ ನನ್ನ ಮಗಳ ಮುಂದೆ ತನ್ನ ತಂದೆ ನನ್ನನ್ನು ಕರೆಯುವಂತೆಯೇ ಕರೆದು ಕೇಳಿ ಎಲ್ಲರನ್ನೂ ನಗಿಸಿದ. ಕಾವೇರಿಯಿಂದ, ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ವಿದ್ಯುಚ್ಛಕ್ತಿಯಿಂದ ಎತ್ತಿ ತರುತ್ತಾರೆಂದು ವಿವರಿಸಿದೆ. ಹುಡುಗ ಸ್ವಲ್ಪ ಯೋಚಿಸಿ, "ಹಾಗಾದರೆ ನಮ್ಮ ಅಮ್ಮ ಹೊರುವುದು ಕಡಿಮೆಯೇ" ಎಂದ. ಅವನ ತಾಯಿಗೆ ಆ ಮಾತು ಹಿಡಿಸಿದಂತೆ ಕಾಣಲಿಲ್ಲ.

ಕರಾವಳಿಗೆ ರಜೆಯಲ್ಲಿ ಹೊರಡುವ ಕುಟುಂಬಗಳಿಗೆ ಒಂದೆರಡು ಮಾತು ಹೇಳುವ ಸ್ವಾತಂತ್ರ್ಯವನ್ನು ವಾಚಕರು ನನಗೆ ಕೊಡಬೇಕು. 'ಬರಲೇ?' ಎಂದು ಕೇಳುವಾಗ 'ಬಾವಿಯಲ್ಲಿ ನೀರು ಹೇಗಿದೆ?' ಎಂದೂ ಕೇಳಿರಿ. 'ಚೆನ್ನಾಗಿದೆ' ಎಂಬ ಉತ್ತರ ಬಂದೇ ಬರುತ್ತದೆ, ಅದನ್ನು ನಂಬಬೇಡಿ. ಮನೆಯ ಹಿರಿಯರನ್ನು ಫೋನಿಗೆ ಕರೆಸಿ ಎಷ್ಟು ಸಾಲು ಕಲ್ಲು ಕಾಣುತ್ತಿದೆಯೆಂದು ವಿಚಾರಿಸಿರಿ. ಹಿರಿಯರು ಮರ್ಯಾದೆಗಾಗಿ ಸುಳ್ಳು ಹೇಳಿದರೂ ಕಲ್ಲಿನ ಲೆಕ್ಕದಲ್ಲಿ ಹೇಳಲಾರರು. ಸಿಹಿತಿಂಡಿಯ ಪೊಟ್ಟಣದ ಬದಲು ಒಳ್ಳೆಯ ಹಗ್ಗವೋ ಎರಡು ಹಗುರವಾದ ಕೊಡಗಳೋ ಉಡುಗೊರೆಯಾದರೆ ಅತ್ತಿಗೆಯಾಗಲಿ ನಾದಿನಿಯಾಗಲಿ ಬೇಸರಿಸುವುದಿಲ್ಲವೆಂಬುದು ನನ್ನಾಕೆಯ ಅಭಿಪ್ರಾಯ. ಹೋದ ಮೇಲೆ ನಿಮ್ಮ ಪಾಲನ್ನು ನೀವು ಹೊರಿರಿ. ಅದನ್ನು ಮೊದಲ ದಿನವೇ ಶುರುಮಾಡುವುದು ಮೇಲು. ಮೂರು ದಿನ ರಾಜರಂತೆ ಮಿಂದ ಮೇಲೆ ನಾಲ್ಕನೆಯ ದಿನ ಕೊಡ ಎತ್ತುವುದು ಸೊಂಟಕ್ಕೂ ಕಷ್ಟ, ಮಾತಿಗೂ ಕಷ್ಟ.

ಮೇ 7ರಂದು ಹೊರಟೆವು. ಹೊರಡುವ ದಿನ ಅಕ್ಕತಂಗಿಯರು ಬಾವಿಯ ಕಟ್ಟೆಯ ಬಳಿ ಬಹಳ ಹೊತ್ತು ನಿಂತಿದ್ದರು. ಏನು ಮಾತಾಯಿತೋ ನಾನು ಕೇಳಲಿಲ್ಲ. ಆಕೆ ರೈಲಿನಲ್ಲಿ ಮಾತ್ರ, "ಮುಂದಿನ ಸಲ ಏನಿದ್ದರೂ ಹೇಳುತ್ತಾಳಂತೆ" ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು. ಬೆಂಗಳೂರಿಗೆ ಬರುವ ವೇಳೆಗೆ ಮೊದಲ ಮಳೆ ಬಿದ್ದು ತಣಿಸಂದ್ರದ ರಸ್ತೆಯ ಧೂಳೆಲ್ಲ ಕೆಸರಾಗಿತ್ತು. ಹೊರಗಿನ ಬಡಾವಣೆಗಳಿಗೆಂದು ಕಾವೇರಿಯ ಐದನೆಯ ಹಂತ ಅದೇ ವರ್ಷದ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದುವರೆಗೆ ಟ್ಯಾಂಕರಿನ ನಡುರಾತ್ರಿಯ ಕಚೇರಿ ಸಾಗಿಯೇ ಇತ್ತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಬಾಲ್ಕನಿಯ ಕುಂಡದ ಬಸಳೆಗೆ ಹೋಗತೊಡಗಿತು. ಅಜ್ಜಿ ಬುತ್ತಿಯ ಜೊತೆ ಕಟ್ಟಿಕೊಟ್ಟ ದಂಟು ಅದು.

ಜೂನ್ ತಿಂಗಳ ನಡುವಿನಲ್ಲಿ ಅತ್ತಿಗೆಯ ಫೋನು ಬಂತು. ಮುಂಗಾರು ಹಿಡಿದು ಹೊಡೆಯುತ್ತಿದೆ, ಸುವರ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ, ಬಾವಿಯ ನೀರು ಮತ್ತೆ ಬಾಯಿಗಿಡುವಂತಾಗಿದೆ, ಮಕ್ಕಳನ್ನು ಕಳುಹಿಸಿ ಎಂದರು. ಮಕ್ಕಳು ಶಾಲೆಗೆ ಹೋಗಿ ಹದಿನೈದು ದಿನಗಳ ಮೇಲಾಗಿತ್ತು. ಮಗ ಫೋನನ್ನು ಕಿತ್ತುಕೊಂಡು, "ದೊಡ್ಡಮ್ಮ, ಈಗ ಎಷ್ಟು ಸಾಲು ಕಾಣುತ್ತೆ?" ಎಂದು ಕೇಳಿದ. ನಾವಿದ್ದಾಗ ಅವನು ಎಣಿಸಿದ್ದು ಹನ್ನೊಂದು.

"ಮೂರೇ ಮಗಾ" ಎಂದಿತು ಆಚೆಯ ದನಿ, ಮಳೆಯ ಸದ್ದಿನ ನಡುವೆ.